ಬರೆಯಬೇಡ ಎಂದವರು ಯಾರು?

ಒಬ್ಬರು: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರ ಗೋಳು ಇದು, ಮೇಡಂ. ಟ್ಯಾಲಿಗೋ, ನುಡಿಯಲ್ಲಿ ಟೈಪು ಮಾಡಿಟ್ಟ ಹಳೆಯ ಫೈಲುಗಳಿಗೋ ವಿಂಡೋಸ್ ಬೇಕು. ಮಿಕ್ಕ ಕೆಲಸಕ್ಕೆ ಲಿನಕ್ಸ್ ಸಾಕು. ಎರಡಕ್ಕೂ ಸಿಗಲಿ ಎಂದು ನಡುವೆ ಒಂದು ಡಿ ಡ್ರೈವ್ ಇಟ್ಟಿರುತ್ತಾರೆ. ವಿಂಡೋಸಿನಲ್ಲಿ ಅದು ಸರಿಯಾಗಿಯೇ ಇರುತ್ತದೆ. ಲಿನಕ್ಸಿಗೆ ಬಂದರೆ ಫೈಲ್ ತೆರೆಯುತ್ತದೆ, ಓದಲೂ ಬರುತ್ತದೆ, ಸೇವ್ ಮಾಡಲು ಹೋದರೆ ಮಾತ್ರ ಆಗುವುದಿಲ್ಲ. ಯಾರನ್ನು ಕೇಳಿದರೂ ಹೇಳುವ ಮದ್ದು ಒಂದೇ: ಟರ್ಮಿನಲ್ ತೆರೆ, ಮುಂದೆ ಸುಡೊ ಹಾಕು, ಇಡೀ ಡ್ರೈವಿಗೆ ಸಿಎಚ್‌ಮಾಡ್ 777 ಕೊಡು. ಕೊಟ್ಟದ್ದೂ ಆಯಿತು ಅನ್ನಿ. ಕೆಲವರಿಗೆ ಎರರ್ ಬರುತ್ತದೆ, ಕೆಲವರಿಗೆ ಅದೂ ಇಲ್ಲ. ಕಮಾಂಡ್ ಸದ್ದಿಲ್ಲದೆ ಮುಗಿಯುತ್ತದೆ, ಡ್ರೈವ್ ಇದ್ದ ಹಾಗೇ ಇರುತ್ತದೆ. ಮದ್ದು ಕುಡಿದರೂ ಕಾಯಿಲೆ ಹೋಗದಿದ್ದರೆ ತಪ್ಪು ಯಾರದ್ದು?

ಇನ್ನೊಬ್ಬರು: ಕಾಯಿಲೆ ಯಾವುದೆಂದು ಕೇಳದೆ ಮದ್ದು ಕೊಟ್ಟವರದು. ಕೆಲವರಿಗೆ ಎರರ್ ಬಂತು, ಕೆಲವರಿಗೆ ಬರಲಿಲ್ಲ ಅಂದಿರಲ್ಲ, ಆ ವ್ಯತ್ಯಾಸದಿಂದಲೇ ಶುರು ಮಾಡಬೇಕು. ಲಿನಕ್ಸಿನಲ್ಲಿ ಒಂದು ಫೈಲ್ ಡಿಸ್ಕಿನ ಮೇಲೆ ಬರೆಯಲ್ಪಡಬೇಕಾದರೆ ಒಬ್ಬರ ಒಪ್ಪಿಗೆ ಸಾಲದು. ಮೊದಲು, ಪಾರ್ಟಿಷನ್ ಓದಲು-ಬರೆಯಲು ಎಂದು ಮೌಂಟ್ ಆಗಿರಬೇಕು. ಓದಲು ಮಾತ್ರ ಎಂದು ಆಗಿದ್ದರೆ ಎಲ್ಲ ಅಧಿಕಾರ ಇರುವ ರೂಟ್ ಬಂದರೂ ಬರೆಯಲಾಗದು. ಆಮೇಲೆ ಆ ಫೈಲ್ ಸಿಸ್ಟಂನ ಡ್ರೈವರ್, ಡಿಸ್ಕಿನಲ್ಲಿರುವುದನ್ನು ಯಾರ ಹೆಸರಿನಲ್ಲಿ ತೋರಿಸಬೇಕೆಂದು ತೀರ್ಮಾನಿಸುತ್ತದೆ. ಅದಾದ ಮೇಲೆ ಫೋಲ್ಡರಿನ ಮಾಲೀಕ, ಗ್ರೂಪ್, ಮತ್ತು ಓದು-ಬರೆ-ನಡೆಸು ಎಂಬ ಒಂಬತ್ತು ಬಿಟ್‌ಗಳ ಲೆಕ್ಕ. ಅದರ ಮೇಲೆ ಎಸಿಎಲ್ ಎಂಬ ಹೆಚ್ಚುವರಿ ಅನುಮತಿ ಪಟ್ಟಿ ಇದ್ದರೆ ಅದು. ಆ್ಯಪ್ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿದ್ದರೆ ಅದರ ಸ್ಯಾಂಡ್‌ಬಾಕ್ಸಿನ ನಿಯಮ. ಇಷ್ಟರಲ್ಲಿ ಸಿಎಚ್‌ಮಾಡ್ ಮುಟ್ಟುವುದು ಆ ಬಿಟ್‌ಗಳ ಲೆಕ್ಕವನ್ನು ಮಾತ್ರ. ಬೇಡ ಅಂದವರು ಬೇರೆ ಯಾರೋ ಆಗಿದ್ದರೆ, 777 ಅಲ್ಲ, ಏನು ಕೊಟ್ಟರೂ ಅವರ ಕಿವಿಗೆ ಬೀಳುವುದಿಲ್ಲ. ನನ್ನ ವಾದ ಇಷ್ಟೇ: ಪರ್ಮಿಷನ್ ಬದಲಿಸುವ ಮುಂಚೆ ನಿರಾಕರಿಸಿದ್ದು ಯಾರೆಂದು ತಿಳಿದುಕೊಳ್ಳಬೇಕು, ಮತ್ತು ಅದನ್ನು ತಿಳಿಯುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ.

ಒಬ್ಬರು: ತಿಳಿಯುವುದು ಹೇಗೆ? ಫೈಲ್ ಮ್ಯಾನೇಜರಿನಲ್ಲಿ ಫೋಲ್ಡರಿನ ಮೂಲೆಗೆ ಒಂದು ಬೀಗದ ಚಿತ್ರ ಬಿಟ್ಟರೆ ಬೇರೇನೂ ಕಾಣದು.

ಇನ್ನೊಬ್ಬರು: ಆ ಬೀಗದ ಚಿತ್ರ ದೊಡ್ಡ ಉಪಕಾರವೇನೂ ಮಾಡಿಲ್ಲ, ಬೇರೆ ಬೇರೆ ಕಾರಣಗಳಿಗೆಲ್ಲ ಅದೊಂದನ್ನೇ ಅಂಟಿಸುತ್ತದೆ. ಟರ್ಮಿನಲ್ ತೆರೆದು ಆ ಡ್ರೈವಿನಲ್ಲಿ ಟಚ್ ಕಮಾಂಡಿನಿಂದ ಒಂದು ಖಾಲಿ ಫೈಲ್ ಮಾಡಲು ನೋಡಿ. ಬರುವ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. 'ಪರ್ಮಿಷನ್ ಡಿನೈಡ್' ಎಂದರೆ ಮಾಲೀಕತ್ವದ ಲೆಕ್ಕದಲ್ಲಿ ನೀವು ಹೊರಗಿನವರು. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂದರೆ ನೀವು ಯಾರೆಂಬುದರ ಪ್ರಶ್ನೆಯೇ ಇಲ್ಲ, ಇಡೀ ಪಾರ್ಟಿಷನ್ನೇ ಬರೆಯಲು ಮುಚ್ಚಿದೆ. 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದರೆ ಜಾಗ ಇಲ್ಲ. ಇಲ್ಲೊಂದು ಗಮ್ಮತ್ತಿದೆ, ಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗ ನಾವು ಬೇರೆ ಹೇಳದಿದ್ದರೆ ನೂರಕ್ಕೆ 5ರಷ್ಟು ಜಾಗವನ್ನು ರೂಟ್‌ಗೆಂದು ತೆಗೆದಿಡುತ್ತದೆ. ಹಾಗಾಗಿ ಡ್ರೈವ್ ತುಂಬುತ್ತಾ ಬಂದಾಗ ನಿಮಗೆ ಬರೆಯಲಾಗದು, ಸುಡೊ ಹಾಕಿದರೆ ಆಗುತ್ತದೆ. ಇದನ್ನು ನೋಡಿದವರು ಪರ್ಮಿಷನ್ ತೊಂದರೆ ಎಂದೇ ತಿಳಿಯುತ್ತಾರೆ. ಬರೀ ಡೇಟಾ ಇಡುವ ಪಾರ್ಟಿಷನ್ನಿಗೆ ಆ ಮೀಸಲು ಬೇಕಿಲ್ಲ. ಟ್ಯೂನ್2ಎಫ್‌ಎಸ್ ಎಂಬ ಸಲಕರಣೆಯಿಂದ ಅದನ್ನು ಇಳಿಸಬಹುದು. ಇನ್ನು ಮಾಲೀಕರನ್ನು ಬದಲಿಸುವ ಸಿಎಚ್‌ಓನ್ ಕಮಾಂಡನ್ನು ಸುಡೊ ಹಾಕಿ ಕೊಟ್ಟರೂ 'ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಬಂದರೆ, ಬಹುಪಾಲು ಅದು ಪೆನ್‌ಡ್ರೈವಿನ ಫ್ಯಾಟ್ ಬಗೆಯ ಫೈಲ್ ಸಿಸ್ಟಂ. ಏನೂ ಹೇಳದೆ ಮುಗಿದು ಏನೂ ಬದಲಾಗದಿದ್ದರೆ, ಎನ್‌ಟಿಎಫ್‌ಎಸ್-3ಜಿ ಡ್ರೈವರ್. ಪರ್ಮಿಷನ್ ಆಯ್ಕೆ ಕೊಡದೆ ಮೌಂಟ್ ಮಾಡಿದ್ದರೆ ಸಿಎಚ್‌ಮಾಡ್, ಸಿಎಚ್‌ಓನ್ ಎರಡಕ್ಕೂ ಸುಮ್ಮನೆ ತಲೆಯಾಡಿಸಿ ಏನೂ ಮಾಡದೆ ಇರುವುದು ಅದರ ರೂಢಿ. ಅದರ ಕೈಪಿಡಿಯಲ್ಲೇ ಹಾಗೆಂದು ಬರೆದಿದೆ. ನೋಡಿ, ಒಂದು ಸಾಲಿನ ಉತ್ತರದಿಂದಲೇ ಅರ್ಧ ದಾರಿ ಸವೆಯಿತು. ಯಾವ ಪಾರ್ಟಿಷನ್, ಯಾವ ಫೈಲ್ ಸಿಸ್ಟಂ, ಓದಲು ಮಾತ್ರವೋ ಬರೆಯಲೂ ಉಂಟೋ ಎಂಬುದನ್ನು ಫೈಂಡ್‌ಎಂಎನ್‌ಟಿ ಎಂಬ ಕಮಾಂಡ್ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ.

ಒಬ್ಬರು: ಸರಿ, ಡಿ ಡ್ರೈವಿನ ವಿಷಯಕ್ಕೇ ಬರೋಣ. ಅದು ಎನ್‌ಟಿಎಫ್‌ಎಸ್. ಬಂದ ಉತ್ತರ ರೀಡ್-ಓನ್ಲಿ. ನಿನ್ನೆಯವರೆಗೆ ಬರೆಯಲು ಬಿಡುತ್ತಿದ್ದದ್ದು ಇಂದು ಬಿಡುವುದಿಲ್ಲ ಎಂದರೆ ಲಿನಕ್ಸ್ ಕೆಟ್ಟಿದೆ ಅನ್ನದೆ ಏನನ್ನಬೇಕು?

ಇನ್ನೊಬ್ಬರು: ವಿಂಡೋಸ್ ಇನ್ನೂ ಆಫ್ ಆಗಿಲ್ಲ ಅನ್ನಬೇಕು. 2012ರಲ್ಲಿ ವಿಂಡೋಸ್ 8 ಬಂದಾಗ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂತು. ಶಟ್ ಡೌನ್ ಒತ್ತಿದರೆ ನೀವು ತೆರೆದ ಪ್ರೋಗ್ರಾಂಗಳೆಲ್ಲ ಮುಚ್ಚಿ ನೀವು ಲಾಗೌಟ್ ಆಗುತ್ತೀರಿ ನಿಜ. ಆದರೆ ವಿಂಡೋಸಿನ ಕರ್ನಲ್ ಮತ್ತು ಅದರ ಡ್ರೈವರ್‌ಗಳು ಮೆಮರಿಯಲ್ಲಿ ಇದ್ದ ಸ್ಥಿತಿಯಲ್ಲೇ ಹೈಬರ್‌ಫಿಲ್ ಎಂಬ ಫೈಲಿಗೆ ಇಳಿದು ಡಿಸ್ಕಿನಲ್ಲಿ ಮಲಗುತ್ತವೆ. ಮರುದಿನ ಅದನ್ನೇ ಎಬ್ಬಿಸುವುದರಿಂದ ಕಂಪ್ಯೂಟರ್ ಬೇಗ ಶುರುವಾಗುತ್ತದೆ. ಮಲಗಿರುವ ಆ ಕರ್ನಲ್‌ನ ನೆನಪಿನಲ್ಲಿ ಡಿ ಡ್ರೈವಿನ ನಕ್ಷೆಯೂ ಇರುತ್ತದೆ: ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಎಂಬ ಲೆಕ್ಕ. ಅದು ಮಲಗಿರುವಾಗ ಲಿನಕ್ಸ್ ಬಂದು ಖಾಲಿ ಜಾಗದಲ್ಲಿ ಫೈಲ್ ಬರೆಯಿತು ಅನ್ನಿ. ಮರುದಿನ ವಿಂಡೋಸ್ ಎದ್ದು ತನ್ನ ಹಳೆಯ ನಕ್ಷೆಯನ್ನೇ ನಂಬುತ್ತದೆ, ಅದೇ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತದೆ. ಎರಡೂ ಹಾಳು. ಲಿನಕ್ಸ್ ಡ್ರೈವರ್ ಮೌಂಟ್ ಮಾಡುವ ಹೊತ್ತಿಗೆ ವಿಂಡೋಸ್ ಮಲಗಿರುವ ಗುರುತನ್ನು ಕಂಡು ಓದಲು ಮಾತ್ರ ಬಿಡುತ್ತದೆ. ಇದು ಡ್ರೈವರ್ ಮಾಡಿದ ತಪ್ಪಲ್ಲ, ನಿಮ್ಮ ಡೇಟಾ ಉಳಿಸಲು ಮಾಡಿದ ಕೆಲಸ. 2021ರ ಅಕ್ಟೋಬರಿನಲ್ಲಿ ಬಂದ 5.15ನೇ ಕರ್ನಲ್‌ಗೆ ಪ್ಯಾರಾಗಾನ್ ಕಂಪನಿ ಬರೆದುಕೊಟ್ಟ ಎನ್‌ಟಿಎಫ್‌ಎಸ್3 ಎಂಬ ಡ್ರೈವರ್ ಸೇರಿತು. ಅದು ಇನ್ನೂ ಕಟ್ಟುನಿಟ್ಟು: ಪಾರ್ಟಿಷನ್ ಮೇಲೆ, ಅದನ್ನು ಸರಿಯಾಗಿ ಮುಚ್ಚಿಲ್ಲ ಎಂದು ಹೇಳುವ ಕೊಳೆ (ಡರ್ಟಿ) ಗುರುತು ಇದ್ದರೆ, ಬಲವಂತ ಮಾಡದ ಹೊರತು ಮೌಂಟನ್ನೇ ಮಾಡುವುದಿಲ್ಲ.

ಒಬ್ಬರು: ಹಾಗಾದರೆ ಬಲವಂತ ಮಾಡಿದರಾಯಿತಲ್ಲ. ಆ ಆಯ್ಕೆ ಇಟ್ಟಿರುವುದೇ ಬಳಸಲಿ ಎಂದು. ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಕಮಾಂಡೂ ಇದೆ, ಒಂದು ಸಲ ಕೊಟ್ಟರೆ ಸರಿಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ.

ಇನ್ನೊಬ್ಬರು: ಆ ಹೆಸರು ನಂಬಿಸಿ ಕೆಡಿಸುವಂಥದ್ದು. ಎನ್‌ಟಿಎಫ್‌ಎಸ್‌ಫಿಕ್ಸ್ ಕೆಲವು ಮೂಲ ಅಸಂಗತಿಗಳನ್ನು ಸರಿಮಾಡುತ್ತದೆ, ಜರ್ನಲನ್ನು ಖಾಲಿ ಮಾಡುತ್ತದೆ, ಮುಂದಿನ ಸಲ ವಿಂಡೋಸ್ ತಾನೇ ಪರೀಕ್ಷೆ ಮಾಡಿಕೊಳ್ಳಲಿ ಎಂದು ಗುರುತು ಇಡುತ್ತದೆ. ಕೇಳಿದರೆ ಆ ಕೊಳೆ ಗುರುತನ್ನು ಅಳಿಸಲೂ ಅಳಿಸುತ್ತದೆ. ವಿಂಡೋಸಿನ ಚೆಕ್‌ಡಿಸ್ಕ್ ಮಾಡುವ ಪೂರ್ತಿ ತಪಾಸಣೆ ಅದರ ಕೈಲಾಗದು. ಗುರುತು ಅಳಿಸಿದ ಮಾತ್ರಕ್ಕೆ ಒಳಗಿನ ಕೊಳೆ ಹೋಗುವುದಿಲ್ಲ. ಹೈಬರ್‌ಫಿಲ್ ಅಳಿಸಿಬಿಡುವ ಮೌಂಟ್ ಆಯ್ಕೆಯೂ ಒಂದಿದೆ. ಅಲ್ಲಿ ಮಲಗಿದ್ದ ವಿಂಡೋಸಿನ ಸ್ಥಿತಿ ಪೂರ್ತಿ ಹೋಗುತ್ತದೆ, ನಿಜವಾದ ಹೈಬರ್ನೇಟ್ ಆಗಿದ್ದರೆ ಸೇವ್ ಮಾಡದ ಕೆಲಸವೂ ಜೊತೆಗೆ. ಇವೆಲ್ಲ ವಿಂಡೋಸ್ ಏಳುವುದೇ ಇಲ್ಲ ಎಂದಾದಾಗ ಬಳಸಬೇಕಾದ ಉಪಾಯಗಳು. ವಿಂಡೋಸ್ ನೆಟ್ಟಗೆ ಏಳುತ್ತದೆ ಎಂದರೆ ಅಲ್ಲಿಗೇ ಹೋಗಿ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಅಥವಾ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿಯಿಂದ ಹೈಬರ್ನೇಟನ್ನೇ ಆಫ್ ಮಾಡಿ, ಡಿಸ್ಕಿನಲ್ಲಿ ಆ ದೊಡ್ಡ ಫೈಲಿನ ಜಾಗವೂ ಉಳಿಯುತ್ತದೆ. ಸೆಟ್ಟಿಂಗ್ ಮುಟ್ಟಲು ಇಷ್ಟವಿಲ್ಲದವರು ಶಿಫ್ಟ್ ಹಿಡಿದುಕೊಂಡು ಶಟ್ ಡೌನ್ ಒತ್ತಬಹುದು. ಆ ಒಂದು ಸಲ ಪೂರ್ತಿ ಆಫ್ ಆಗುತ್ತದೆ. ರೀಸ್ಟಾರ್ಟ್ ಒತ್ತಿದರೂ ಪೂರ್ತಿ ಆಫ್ ಆಗಿಯೇ ಮತ್ತೆ ಶುರುವಾಗುವುದು. ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬಂದರೆ ಡ್ರೈವ್ ಬರೆಯಲು ಸಿಗುತ್ತದೆ, ಶಟ್ ಡೌನ್ ಮಾಡಿ ಬಂದರೆ ಸಿಗುವುದಿಲ್ಲ ಎಂದು ತಲೆ ಕೆಡಿಸಿಕೊಂಡವರಿಗೆ ಕಾರಣ ಇದೇ. ನಿನ್ನೆ ಇಂದಿನ ವ್ಯತ್ಯಾಸಕ್ಕೂ ಇದೇ.

ಒಬ್ಬರು: ಅದು ವಿಂಡೋಸಿನ ಕಥೆ ಆಯಿತು. ಇನ್ನೊಂದು ಇದಕ್ಕಿಂತ ತಮಾಷೆಯದು. ಎಕ್ಸ್‌ಫ್ಯಾಟ್ ಮಾಡಿದ ಪಾರ್ಟಿಷನ್ನನ್ನು ಫೈಲ್ ಮ್ಯಾನೇಜರಿನಲ್ಲಿ ಕ್ಲಿಕ್ ಮಾಡಿ ತೆರೆದರೆ ಧಾರಾಳವಾಗಿ ಬರೆಯಬಹುದು. ದಿನಾ ಕ್ಲಿಕ್ ಮಾಡುವುದೇಕೆ ಎಂದು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಿ, ಬೂಟ್ ಆಗುವಾಗಲೇ ಮೌಂಟ್ ಆಗುವಂತೆ ಮಾಡಿದರೆ ಆ ಕ್ಷಣದಿಂದ ಬರೆಯಲು ಆಗದು. ಅದೇ ಡಿಸ್ಕು, ಅದೇ ಫೈಲು, ಅದೇ ಮನುಷ್ಯ.

ಇನ್ನೊಬ್ಬರು: ಮೌಂಟ್ ಮಾಡಿದ ಮನುಷ್ಯ ಬೇರೆ. ನೀವು ಕ್ಲಿಕ್ ಮಾಡಿದಾಗ ಡೆಸ್ಕ್‌ಟಾಪಿನ ಹಿಂದೆ ಇರುವ ಯುಡಿಸ್ಕ್ಸ್ ಎಂಬ ಸೇವೆ, ಕೇಳಿದವರು ನೀವೆಂದು ತಿಳಿದು, ಎಲ್ಲವೂ ನಿಮ್ಮದೇ ಎಂಬಂತೆ ಮೌಂಟ್ ಮಾಡಿಕೊಡುತ್ತದೆ. ಬೂಟ್ ಆಗುವಾಗ ನೀವು ಇನ್ನೂ ಲಾಗಿನ್ ಆಗಿರುವುದಿಲ್ಲ, ಮೌಂಟ್ ಮಾಡುವುದು ರೂಟ್. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲವೂ ರೂಟಿನದೇ ಆಗುತ್ತದೆ. ಏಕೆಂದರೆ ಫ್ಯಾಟ್, ಎಕ್ಸ್‌ಫ್ಯಾಟ್‌ಗಳ ಡಿಸ್ಕಿನ ಮೇಲೆ ಯುನಿಕ್ಸ್ ಬಗೆಯ ಮಾಲೀಕರ ದಾಖಲೆಯೇ ಇಲ್ಲ. ಪಹಣಿಯಲ್ಲಿ ಮಾಲೀಕರ ಕಾಲಂ ಇಲ್ಲ ಎಂದಾದರೆ ಖಾತೆ ಬದಲಾವಣೆಗೆ ಅರ್ಜಿ ಹಾಕಿ ಪ್ರಯೋಜನವೇನು? ಸಿಎಚ್‌ಓನ್, ಸಿಎಚ್‌ಮಾಡ್‌ಗಳು ಇಲ್ಲಿ ಸೋಲುವುದು ಅದಕ್ಕೇ. ಆ ಹೆಸರನ್ನು ಮೌಂಟ್ ಮಾಡುವಾಗಲೇ ಹೇಳಬೇಕು. ಎಫ್‌ಎಸ್‌ಟ್ಯಾಬ್ ಸಾಲಿನ ನಾಲ್ಕನೆಯ ಅಂಕಣ ಆಯ್ಕೆಗಳದು. ಅಲ್ಲಿ ಯುಐಡಿ ಎಂದು ಬರೆದು ನಿಮ್ಮ ಸಂಖ್ಯೆ, ಜಿಐಡಿ ಎಂದು ಬರೆದು ಗ್ರೂಪಿನ ಸಂಖ್ಯೆ ಕೊಡಿ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 1000. ಪಕ್ಕದಲ್ಲೇ ಫೋಲ್ಡರುಗಳಿಗೆ ಡಿಮಾಸ್ಕ್ 002, ಫೈಲುಗಳಿಗೆ ಎಫ್‌ಮಾಸ್ಕ್ 113. ಮಾಸ್ಕ್ ಎಂದರೆ ಕಳೆಯಬೇಕಾದ ಬಿಟ್‌ಗಳು. ಹಾಗಾಗಿ ಫೋಲ್ಡರುಗಳು 775, ಫೈಲುಗಳು 664 ಆಗಿ ಕಾಣುತ್ತವೆ: ನಿಮಗೂ ನಿಮ್ಮ ಗ್ರೂಪಿಗೂ ಬರೆಯಲು ಬರುತ್ತದೆ, ಬೇರೆಯವರಿಗೆ ಓದಲು ಮಾತ್ರ. ಎನ್‌ಟಿಎಫ್‌ಎಸ್‌ಗೂ ಇದೇ ಆಯ್ಕೆಗಳು ನಡೆಯುತ್ತವೆ. ನಡುವೆ ಯಾರೋ ಬರೆದ ಸಾಲಿನಿಂದ ಯುಮಾಸ್ಕ್ 022 ಅನ್ನು ಮಾತ್ರ ಎತ್ತಿಕೊಂಡು ಯುಐಡಿ ಬಿಟ್ಟವರ ಡ್ರೈವ್ ರೂಟಿನ ಪಾಲಾಗಿ ಕೂರುತ್ತದೆ. ಹೆಚ್ಚಿನ ಗಲಾಟೆ ಹುಟ್ಟುವುದು ಆ ಅರ್ಧ ನಕಲಿನಿಂದ.

ಒಬ್ಬರು: ನೀವು ಹೇಳುವುದೆಲ್ಲ ಪರರ ಫೈಲ್ ಸಿಸ್ಟಂಗಳ ವಿಷಯ. ಲಿನಕ್ಸಿನದೇ ಆದ ಎಕ್ಸ್‌ಟಿ4 ಹಾಕಿದರೂ ಇದೇ ಹಾಡು. ಹೊಸ ಡಿಸ್ಕ್ ತಂದು, ಈಗಷ್ಟೇ ಫಾರ್ಮ್ಯಾಟ್ ಮಾಡಿ, ಮೌಂಟ್ ಮಾಡಿದರೆ ಸ್ವಂತ ಡಿಸ್ಕಿನಲ್ಲಿ ಒಂದು ಫೋಲ್ಡರ್ ಮಾಡಲೂ ಅನುಮತಿ ಇಲ್ಲ!

ಇನ್ನೊಬ್ಬರು: ಎಕ್ಸ್‌ಟಿ4ನಲ್ಲಿ ಮಾಲೀಕರ ದಾಖಲೆ ಡಿಸ್ಕಿನ ಮೇಲೇ ಇರುತ್ತದೆ. ಟರ್ಮಿನಲ್‌ನಲ್ಲಿ ಸುಡೊ ಹಾಕಿ ಫಾರ್ಮ್ಯಾಟ್ ಮಾಡಿದರೆ ಮಾಡಿದವರು ರೂಟ್, ಆದ್ದರಿಂದ ಅದರ ಮೂಲ ಫೋಲ್ಡರ್ ರೂಟಿನದು, 755. ಇಲ್ಲಿ ಸಿಎಚ್‌ಓನ್ ನಿಜವಾಗಿ ಕೆಲಸ ಮಾಡುತ್ತದೆ, ಒಂದೇ ಸಲ ಕೊಟ್ಟರೆ ಸಾಕು, ಡಿಸ್ಕಿನ ಮೇಲೇ ಬರೆದಿಡುತ್ತದೆ. ಆದರೆ ಕ್ರಮ ಮುಖ್ಯ. ಬಹಳ ಜನ ಮೌಂಟ್ ಮಾಡಲು ಒಂದು ಖಾಲಿ ಫೋಲ್ಡರ್ ಮಾಡಿ, ಅದಕ್ಕೆ ಸಿಎಚ್‌ಓನ್ ಕೊಟ್ಟು, ಆಮೇಲೆ ಅದರ ಮೇಲೆ ಪಾರ್ಟಿಷನ್ ಮೌಂಟ್ ಮಾಡುತ್ತಾರೆ. ಮೌಂಟ್ ಆದ ಗಳಿಗೆಯಿಂದ ಆ ಖಾಲಿ ಫೋಲ್ಡರ್ ಕೆಳಗೆ ಮುಚ್ಚಿಹೋಗುತ್ತದೆ. ಕಾಣುವುದು ಪಾರ್ಟಿಷನ್ನಿನ ಸ್ವಂತ ಮೂಲ ಫೋಲ್ಡರ್, ಅದರ ಮಾಲೀಕ ಇನ್ನೂ ರೂಟ್. ಮೊದಲು ಮೌಂಟ್, ಆಮೇಲೆ ಸಿಎಚ್‌ಓನ್. ಇನ್ನೊಂದು ಸಂಗತಿ: ಡಿಸ್ಕಿನಲ್ಲಿ ಬರೆದಿರುವುದು ಹೆಸರಲ್ಲ, ಸಂಖ್ಯೆ. ಒಂದು ಕಂಪ್ಯೂಟರಿನ 1000ದ ಬಳಕೆದಾರ ಇನ್ನೊಂದು ಕಂಪ್ಯೂಟರಿನ 1000ದ ಬಳಕೆದಾರನ ಫೈಲುಗಳಿಗೆ ತಾನಾಗಿ ಮಾಲೀಕನಾಗುತ್ತಾನೆ, ಹೆಸರು ಬೇರೆ ಆದರೂ. ಅದೇ ವ್ಯಕ್ತಿ ಹೊಸ ಯಂತ್ರದಲ್ಲಿ 1001 ಆಗಿದ್ದರೆ ತನ್ನದೇ ಫೈಲಿಗೆ ಪರಕೀಯ. ಹಳೆಯ ಸೆಂಟ್‌ಓಎಸ್ 6ರಲ್ಲಿ ಬಳಕೆದಾರರ ಸಂಖ್ಯೆ 500ರಿಂದ ಶುರುವಾಗುತ್ತಿತ್ತು. ಆ ಕಾಲದ ಡಿಸ್ಕನ್ನು ಈಗಿನ ಯಂತ್ರಕ್ಕೆ ಹಾಕಿದರೆ ಮಾಲೀಕರ ಜಾಗದಲ್ಲಿ ಹೆಸರೇ ಇಲ್ಲದೆ ಬರೀ 500 ಎಂದು ಕಾಣುತ್ತದೆ.

ಒಬ್ಬರು: ಈಗ ನನ್ನ ಮುಖ್ಯ ಆಕ್ಷೇಪ. ಇದೆಲ್ಲ ಹತ್ತಾರು ಜನ ಒಂದೇ ದೊಡ್ಡ ಯಂತ್ರಕ್ಕೆ ಟರ್ಮಿನಲ್ ಹಾಕಿಕೊಂಡು ಕೂರುತ್ತಿದ್ದ ಬೆಲ್ ಲ್ಯಾಬ್ಸ್ ಕಾಲದ ಏರ್ಪಾಡು. ಮನೆಯ ಲ್ಯಾಪ್‌ಟಾಪಿನಲ್ಲಿ ಇರುವುದು ಒಬ್ಬರು, ಹೆಚ್ಚೆಂದರೆ ಮಗಳಿಗೊಂದು ಲಾಗಿನ್. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಟ್ಟರೆ ಕಳ್ಳ ಎಲ್ಲಿಂದ ಬಂದಾನು? ಎಕ್ಸ್‌ಟಿ4ನಲ್ಲಾದರೂ 777 ಕೆಲಸ ಮಾಡುತ್ತದೆ ತಾನೆ?

ಇನ್ನೊಬ್ಬರು: ಕಳ್ಳನ ಮಾತು ಆಮೇಲೆ. ಕೆಲಸ ಮಾಡುತ್ತದೆ ಎಂಬುದೇ ಅರ್ಧ ಸತ್ಯ. 777 ಮುಟ್ಟುವುದು ಈ ಕ್ಷಣದಲ್ಲಿ ಅಲ್ಲಿರುವ ಫೈಲುಗಳನ್ನು ಮಾತ್ರ. ನಾಳೆ ಮಗಳು ಅಲ್ಲೊಂದು ಹೊಸ ಫೈಲ್ ಮಾಡಿದರೆ ಅವಳ ಯುಮಾಸ್ಕ್ 022 ಆಗಿದ್ದಲ್ಲಿ ಅದು 644 ಆಗಿ ಹುಟ್ಟುತ್ತದೆ: ಅವಳಿಗೆ ಬರೆಯಲು ಬರುತ್ತದೆ, ಅಪ್ಪನಿಗೆ ಓದಲು ಮಾತ್ರ. ಅಪ್ಪ ಮತ್ತೆ 777 ಕೊಡುತ್ತಾರೆ. ನಾಡಿದ್ದು ಮತ್ತೆ. ಇದು ಪರಿಹಾರವಾಗಿದ್ದರೆ ಒಂದು ಸಲ ಕೊಟ್ಟರೆ ಸಾಕಾಗಬೇಕಿತ್ತು. ಹಂಚಿಕೊಳ್ಳಲು ಯುನಿಕ್ಸ್ ಕೊಟ್ಟಿರುವ ದಾರಿ ಗ್ರೂಪಿನದು. ಮನೆ ಎಂದೋ ಆಫೀಸು ಎಂದೋ ಒಂದು ಗ್ರೂಪ್ ಮಾಡಿ, ಇಬ್ಬರನ್ನೂ ಅದಕ್ಕೆ ಸೇರಿಸಿ, ಲಾಗೌಟ್ ಆಗಿ ಬನ್ನಿ. ಹೊಸ ಗ್ರೂಪ್ ಹಳೆಯ ಲಾಗಿನ್ನಿಗೆ ಅನ್ವಯವಾಗುವುದಿಲ್ಲ, ಇದನ್ನು ಮರೆತು ಇಡೀ ಸಂಜೆ ಕಳೆದುಕೊಳ್ಳುವವರಿದ್ದಾರೆ. ಹಂಚಿಕೆಯ ಫೋಲ್ಡರಿನ ಗ್ರೂಪನ್ನು ಅದಕ್ಕೆ ಬದಲಿಸಿ 2775 ಕೊಡಿ. ಮುಂದಿನ ಆ 2 ಸೆಟ್‌ಜಿಐಡಿ ಬಿಟ್. ಅದಿರುವ ಫೋಲ್ಡರಿನಲ್ಲಿ ಯಾರೇ ಫೈಲ್ ಮಾಡಲಿ, ಫೈಲಿನ ಗ್ರೂಪ್ ಮಾಡಿದವರದಾಗದೆ ಫೋಲ್ಡರಿನದಾಗುತ್ತದೆ, ಒಳಗೆ ಹುಟ್ಟುವ ಹೊಸ ಫೋಲ್ಡರಿಗೂ ಅದೇ ಬಿಟ್ ಇಳಿಯುತ್ತದೆ. ಉಳಿದದ್ದು ಯುಮಾಸ್ಕ್. ಅದನ್ನು ಎಲ್ಲರಿಗೂ 002 ಮಾಡಬಹುದು, ಇಲ್ಲವೆ ಸೆಟ್‌ಎಫ್‌ಎಸಿಎಲ್ ಕಮಾಂಡಿನಿಂದ ಆ ಫೋಲ್ಡರಿಗೆ ಡೀಫಾಲ್ಟ್ ಎಸಿಎಲ್ ಹಾಕಿ ಗ್ರೂಪಿಗೆ ಬರೆಯುವ ಅಧಿಕಾರ ಕೊಡಬಹುದು. ಡೀಫಾಲ್ಟ್ ಎಸಿಎಲ್ ಇದ್ದಲ್ಲಿ ಯುಮಾಸ್ಕಿನ ಮಾತು ನಡೆಯುವುದಿಲ್ಲ, ಆದ್ದರಿಂದ ನನಗೆ ಇದೇ ಹೆಚ್ಚು ಇಷ್ಟ. ಒಂದು ಎಚ್ಚರ: ಇದೆಲ್ಲ ಅಲ್ಲೇ ಹುಟ್ಟುವ ಫೈಲಿಗೆ, ಕಾಪಿ ಮಾಡಿ ತಂದ ಫೈಲಿಗೆ. ಅದೇ ಪಾರ್ಟಿಷನ್ನಿನ ಬೇರೆ ಫೋಲ್ಡರಿನಿಂದ ಕಟ್ ಮಾಡಿ ತಂದು ಹಾಕಿದ ಫೈಲ್ ತನ್ನ ಹಳೆಯ ಮಾಲೀಕ, ಹಳೆಯ ಗ್ರೂಪು, ಹಳೆಯ ಬಿಟ್‌ಗಳನ್ನು ಹೊತ್ತುಕೊಂಡೇ ಬರುತ್ತದೆ.

ಒಬ್ಬರು: ಕಳ್ಳನ ಮಾತು ಬಾಕಿ ಇದೆ.

ಇನ್ನೊಬ್ಬರು: ಮನೆಯ ಯಂತ್ರದಲ್ಲಿ ನೀವೊಬ್ಬರೇ ಎಂಬುದು ಸರಿಯಲ್ಲ. ಬಳಕೆದಾರರ ಪಟ್ಟಿಯಿರುವ ಪಾಸ್‌ಡಬ್ಲ್ಯೂಡಿ ಫೈಲನ್ನು ತೆರೆದು ನೋಡಿ. ನೀವು ಒಮ್ಮೆಯೂ ಕಾಣದ ಹೆಸರುಗಳು ಸಾಲಾಗಿ ಇರುತ್ತವೆ. ವೆಬ್ ಸರ್ವರ್ ಹಾಕಿಕೊಂಡರೆ ಅದಕ್ಕೊಂದು, ಡೇಟಾಬೇಸಿಗೊಂದು, ಸಿನಿಮಾ ನೋಡಲು ಮೀಡಿಯಾ ಸರ್ವರ್ ಹಾಕಿದರೆ ಅದಕ್ಕೊಂದು. ಅವನ್ನು ಬೇರೆ ಬೇರೆ ಇಟ್ಟಿರುವುದೇ ಒಂದರಲ್ಲಿ ತೂತು ಬಿದ್ದರೆ ಇನ್ನೊಂದಕ್ಕೆ ಹರಡದಿರಲಿ ಎಂದು. 777 ಆ ಗೋಡೆಯನ್ನು ಆ ಫೋಲ್ಡರಿನ ಮಟ್ಟಿಗೆ ಕೆಡವುತ್ತದೆ. ಜೊತೆಗೆ ಅಳಿಸುವ ಹಕ್ಕು ಇರುವುದು ಫೈಲಿನ ಪರ್ಮಿಷನ್ನಿನಲ್ಲಿ ಅಲ್ಲ, ಫೋಲ್ಡರಿನದರಲ್ಲಿ. ಫೋಲ್ಡರ್ 777 ಆಗಿದ್ದರೆ, ಒಳಗಿನ ಫೈಲಿಗೆ ನೀವು ಎಷ್ಟೇ ಬಿಗಿ ಹಾಕಿದರೂ ಬೇರೆಯವರು ಅದನ್ನು ಅಳಿಸಬಲ್ಲರು. ಎಲ್ಲರೂ ಬರೆಯುವ ಟೆಂಪ್ ಫೋಲ್ಡರಿಗೆ ಲಿನಕ್ಸ್ ತಾನೇ 777 ಕೊಡದೆ 1777 ಕೊಟ್ಟಿರುವುದು ಅದಕ್ಕೇ. ಮುಂದಿನ 1 ಸ್ಟಿಕಿ ಬಿಟ್, ಅವರವರ ಫೈಲನ್ನು ಅವರವರೇ ಅಳಿಸಬೇಕೆಂಬ ಕಟ್ಟು. ಇನ್ನು ಸುಡೊ ಹಾಕಿ, ಒಳಗಿರುವುದೆಲ್ಲಕ್ಕೂ ಎಂಬ ದೊಡ್ಡ ಆರ್ ಅಕ್ಷರದ ಆಯ್ಕೆ ಕೊಟ್ಟು, ಡ್ರೈವಿನ ದಾರಿ ಟೈಪು ಮಾಡುವಾಗ ಮೊದಲ ಸ್ಲ್ಯಾಷಿನ ಪಕ್ಕ ಒಂದು ಸ್ಪೇಸ್ ಬಿದ್ದರೆ ಏನಾಗುತ್ತದೆ ಯೋಚಿಸಿ. ಕಮಾಂಡ್ ಡಿ ಡ್ರೈವನ್ನು ಬಿಟ್ಟು ಇಡೀ ಸಿಸ್ಟಂ ಮೇಲೆ ಹರಿಯುತ್ತದೆ. ಆಗ ಎಸ್‌ಎಸ್‌ಎಚ್ ನಿಮ್ಮ ಖಾಸಗಿ ಕೀಲಿ ಎಲ್ಲರಿಗೂ ತೆರೆದಿದೆ ಎಂದು ಅದನ್ನು ಬಳಸಲು ಒಪ್ಪುವುದಿಲ್ಲ. ಸುಡೊ ತನ್ನ ನಿಯಮದ ಫೈಲನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಕಂಡು ಕೆಲಸ ನಿಲ್ಲಿಸುತ್ತದೆ. ಆದದ್ದನ್ನು ಸರಿಮಾಡಲು ಸುಡೊ ಬೇಕು, ಸುಡೊ ನಡೆಯದು. ಅಲ್ಲಿಂದ ಮುಂದೆ ಬಹುಪಾಲು ಜನ ಮಾಡುವುದು ಹೊಸದಾಗಿ ಇನ್‌ಸ್ಟಾಲ್.

ಒಬ್ಬರು: ಹಾಗಾದರೆ ಹಂಚಿಕೊಳ್ಳುವ ಪಾರ್ಟಿಷನ್ನನ್ನು ಎಕ್ಸ್‌ಫ್ಯಾಟ್ ಮಾಡಿಬಿಟ್ಟರೆ? ಮಾಲೀಕರೂ ಇಲ್ಲ, ಗ್ರೂಪೂ ಇಲ್ಲ, ಜಗಳವೂ ಇಲ್ಲ. ಮೈಕ್ರೋಸಾಫ್ಟೇ 2019ರಲ್ಲಿ ಅದರ ವಿವರಗಳನ್ನು ಪ್ರಕಟಿಸಿತು, ಈಗ ಕರ್ನಲ್‌ನಲ್ಲೇ ಡ್ರೈವರ್ ಇದೆ.

ಇನ್ನೊಬ್ಬರು: ಪೆನ್‌ಡ್ರೈವಿಗೆ, ಕ್ಯಾಮೆರಾ ಕಾರ್ಡಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಒಂದು ಫೈಲ್ 4 ಜಿಬಿ ದಾಟಬಾರದೆಂಬ ಫ್ಯಾಟ್32ರ ಕಟ್ಟೂ ಅಲ್ಲಿಲ್ಲ. ಆದರೆ ಅದಕ್ಕೆ ಜರ್ನಲ್ ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಎಲ್ಲಿಗೆ ನಿಂತಿತೆಂದು ತಿಳಿಯುವ ದಾಖಲೆ ಅದರ ಬಳಿ ಇರುವುದಿಲ್ಲ. ಬ್ಯಾಟರಿ ಸತ್ತುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ವರ್ಷಗಟ್ಟಲೆಯ ಲೆಕ್ಕಪತ್ರ, ಫೋಟೋಗಳನ್ನು ಅದರ ಮೇಲೆ ಇಡಿ ಎಂದು ನಾನು ಹೇಳಲಾರೆ. ವಿಂಡೋಸಿನೊಂದಿಗೆ ಹಂಚಿಕೊಳ್ಳುವುದಿದ್ದರೆ ಎನ್‌ಟಿಎಫ್‌ಎಸ್ ಇಟ್ಟು ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಲಿನಕ್ಸ್‌ಗಳ ನಡುವೆಯೇ ಆದರೆ ಎಕ್ಸ್‌ಟಿ4 ಮತ್ತು ಗ್ರೂಪ್. ಹೆಸರಿಡುವಲ್ಲಿಯೂ ಎರಡಕ್ಕೂ ವ್ಯತ್ಯಾಸ ಇದೆ, ಕನ್ನಡದವರಿಗೆ ಇದು ನೇರವಾಗಿ ತಟ್ಟುತ್ತದೆ. ಎಕ್ಸ್‌ಟಿ4 ಫೈಲಿನ ಹೆಸರಿಗೆ ಕೊಡುವುದು 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತಗಳಿಗೆ ಮುಗಿಯಿತು. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ: 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ, 18 ಬೈಟ್. ಎನ್‌ಟಿಎಫ್‌ಎಸ್ ಯುಟಿಎಫ್-16ರ 255 ಘಟಕ ಕೊಡುವುದರಿಂದ ಅಲ್ಲಿ ಆರಾಮಾಗಿ ಕೂತಿದ್ದ ಉದ್ದನೆಯ ಕನ್ನಡ ಹೆಸರು ಎಕ್ಸ್‌ಟಿ4ಗೆ ಕಾಪಿ ಮಾಡುವಾಗ ನಿಂತುಬಿಡುತ್ತದೆ. ಅದೊಂದು ಫೈಲ್ ಮಾತ್ರ ಹೋಗುವುದಿಲ್ಲ ಎಂದು ಪರ್ಮಿಷನ್ ತಡಕುವವರು ಒಮ್ಮೆ ಹೆಸರನ್ನು ಗಿಡ್ಡ ಮಾಡಿ ನೋಡಲಿ. ಲಿನಕ್ಸಿನಿಂದ ಎನ್‌ಟಿಎಫ್‌ಎಸ್‌ಗೆ ಬರೆಯುವಾಗ ಇದರ ತದ್ವಿರುದ್ಧ: ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇದ್ದರೂ ಲಿನಕ್ಸ್ ಬರೆದುಬಿಡಬಹುದು, ಆಮೇಲೆ ವಿಂಡೋಸಿಗೆ ಅದನ್ನು ತೆರೆಯಲಾಗದು. ವಿಂಡೋಸ್‌ನೇಮ್ಸ್ ಎಂಬ ಮೌಂಟ್ ಆಯ್ಕೆ ಇರುವುದು ಅದನ್ನು ತಡೆಯಲು.

ಒಬ್ಬರು: ಎಕ್ಸ್‌ಟಿ4 ಇದ್ದೂ, ಮಾಲೀಕರು ಸರಿಯಿದ್ದೂ, ಒಂದು ದಿನ ಇದ್ದಕ್ಕಿದ್ದಂತೆ ರೀಡ್-ಓನ್ಲಿ ಆದರೆ? ಮೌಂಟ್ ಕಮಾಂಡಿಗೆ ರೀಮೌಂಟ್ ಎಂದು ಹೇಳಿ ಮತ್ತೆ ಬರೆಯಲು ತೆರೆಯಬಹುದಲ್ಲ. ಅಲ್ಲಿ ವಿಂಡೋಸ್ ಅಡ್ಡ ಬರುವುದಿಲ್ಲ.

ಇನ್ನೊಬ್ಬರು: ಎಲ್ಲಕ್ಕಿಂತ ಅಪಾಯದ ಜಾಗ ಅದೇ, ಅಲ್ಲಿ ಮಾತ್ರ ನಾನು ಯಾವ ರಿಯಾಯಿತಿಯೂ ಕೊಡುವುದಿಲ್ಲ. ಎಕ್ಸ್‌ಟಿ4ನಲ್ಲಿ ಲೆಕ್ಕ ತಪ್ಪಿದ್ದು ಕಂಡರೆ ಓದಲು ಮಾತ್ರ ಮಾಡಿಬಿಡು ಎಂಬ ಸೂಚನೆ ಇಡಬಹುದು. ಉಬುಂಟು, ಡೆಬಿಯನ್‌ಗಳ ಇನ್‌ಸ್ಟಾಲರ್ ಮೂಲ ಪಾರ್ಟಿಷನ್ನಿಗೆ ಅದನ್ನು ತಾನಾಗಿ ಹಾಕಿರುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಪಾರ್ಟಿಷನ್ ನಡುವೆಯೇ ಓದಲು ಮಾತ್ರ ಆಯಿತೆಂದರೆ ಕರ್ನಲ್‌ಗೆ ಏನೋ ಕೆಟ್ಟದ್ದು ಕಂಡಿದೆ. ಕರ್ನಲ್ ಸಂದೇಶ ತೋರಿಸುವ ಡಿ-ಮೆಸೇಜ್ ಕಮಾಂಡ್ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಅಲ್ಲಿ ಐ-ಓ ಎರರ್ ಎಂಬ ಸಾಲುಗಳಿದ್ದರೆ ಡಿಸ್ಕ್ ಅಥವಾ ಕೇಬಲ್ ಸಾಯುತ್ತಿರಬಹುದು. ಆಗ ಬಲವಂತವಾಗಿ ಬರೆಯಲು ತೆರೆದರೆ ಇನ್ನೂ ಓದಲು ಸಿಗುತ್ತಿರುವ ಡೇಟಾ ಕೂಡ ಕೈತಪ್ಪಬಹುದು. ಓದಲು ಬಿಟ್ಟಿದೆಯಲ್ಲ, ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಪಾರ್ಟಿಷನ್ನನ್ನು ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ನಡೆಸಿ, ಸ್ಮಾರ್ಟ್‌ಸಿಟಿಎಲ್‌ನಿಂದ ಡಿಸ್ಕಿನ ಆರೋಗ್ಯ ನೋಡಿ. ಮೌಂಟ್ ಆಗಿರುವಾಗ ಎಫ್‌ಎಸ್‌ಸಿಕೆ ಬೇಡ. ಪರ್ಮಿಷನ್ ತೊಂದರೆ ಎಂದೇ ಹಟ ಹಿಡಿದವರು ಇಲ್ಲಿ ಕಳೆದುಕೊಳ್ಳುವುದು ಒಂದು ಸಂಜೆಯನ್ನಲ್ಲ, ವರ್ಷಗಳ ಫೈಲುಗಳನ್ನು.

ಒಬ್ಬರು: ಒಪ್ಪಿದೆ. ಆದರೂ ಲಿನಕ್ಸ್ ಇದನ್ನೆಲ್ಲ ಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕಿತ್ತು ಎಂಬ ನನ್ನ ದೂರು ಉಳಿದೇ ಇದೆ. ವಿಂಡೋಸ್ ಮಲಗಿದೆ, ಅದನ್ನು ಪೂರ್ತಿ ಆಫ್ ಮಾಡಿ ಬನ್ನಿ ಎಂದು ಒಂದು ಪೆಟ್ಟಿಗೆ ತೋರಿಸಲು ಏನು ಕಷ್ಟ?

ಇನ್ನೊಬ್ಬರು: ಆ ದೂರು ನ್ಯಾಯವಾದದ್ದು. ಕಾರಣ ಡ್ರೈವರಿಗೆ ಗೊತ್ತು, ಲಾಗಿನಲ್ಲಿ ಬರೆದೂ ಇಡುತ್ತದೆ. ಮೇಲಿನ ಫೈಲ್ ಮ್ಯಾನೇಜರ್ ಅದನ್ನು ಬೀಗದ ಚಿತ್ರವೊಂದರಲ್ಲಿ ಮುಗಿಸುತ್ತದೆ. ಜನ 777ಕ್ಕೆ ಕೈ ಹಾಕುವುದಕ್ಕೆ ಅರ್ಧ ಹೊಣೆ ಆ ಚಿತ್ರದ್ದು. ಅದು ಸರಿಹೋಗುವ ತನಕ ಎರರ್ ಸಾಲನ್ನು ನಾವೇ ಓದಬೇಕು, ಬೇರೆ ದಾರಿ ಇಲ್ಲ. ಈಗ ಹೋಗಿ ಎಫ್‌ಎಸ್‌ಟ್ಯಾಬ್ ತಿದ್ದುವವರಿದ್ದರೆ ಒಂದು ಮಾತು. ಡ್ರೈವನ್ನು ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರಿನಿಂದ ಬರೆಯಬೇಡಿ, ಇನ್ನೊಂದು ಡಿಸ್ಕ್ ಹಾಕಿದ ದಿನ ಆ ಹೆಸರು ಅದಲು ಬದಲಾಗಬಹುದು. ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಯುಯುಐಡಿ ಬರೆಯಿರಿ. ಆಯ್ಕೆಗಳಲ್ಲಿ ನೋಫೇಲ್ ಎಂಬುದನ್ನು ಸೇರಿಸಿ. ಅದಿಲ್ಲದೆ, ಸಾಲಿನಲ್ಲಿ ಒಂದಕ್ಷರ ತಪ್ಪಿದ್ದರೂ ಡಿಸ್ಕ್ ಸಿಗದಿದ್ದರೂ ಸಿಸ್ಟಂಡಿ ಇರುವ ಯಂತ್ರ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಹಳೆಯ ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ. ತಿದ್ದಿದ ಮೇಲೆ ಫೈಂಡ್‌ಎಂಎನ್‌ಟಿಗೆ ವೆರಿಫೈ ಆಯ್ಕೆ ಕೊಟ್ಟರೆ ಅದು ತಪ್ಪುಗಳನ್ನು ಹೇಳುತ್ತದೆ. ಆಮೇಲೆ ಮೌಂಟ್ ಕಮಾಂಡಿಗೆ ಎ ಆಯ್ಕೆ ಕೊಟ್ಟು, ಡ್ರೈವಿನಲ್ಲಿ ಒಂದು ಫೈಲ್ ಬರೆದು ಅಳಿಸಿ ನೋಡಿ. ಅದು ಸರಿಬಂದ ಮೇಲಷ್ಟೇ ರೀಬೂಟ್ ಮಾಡಿ.